ಹರಿದ ಕಾಗದದ ಅಂಚು

ನಾನು ಮಾಡಿದ ಮೊದಲ ಮಿಕ್ಸೆಡ್ ಮೀಡಿಯಾ ಚಿತ್ರ, ಅಂದರೆ ಹಲವು ಬಗೆಯ ಸಾಮಗ್ರಿ ಬೆರೆಸಿ ಮಾಡಿದ ಚಿತ್ರ, ಮೂರು ವಾರವೂ ಬಾಳಲಿಲ್ಲ. ಗೋಡೆಗೆ ತೂಗುಹಾಕಿದ್ದೆ. ಒಂದು ದಿನ ಧೂಳು ಒರೆಸಲು ಬಟ್ಟೆ ತಾಗಿಸಿದೆ. ಆಕಾಶದಿಂದ ಹೆಬ್ಬೆರಳಗಲದ ಅಕ್ರಿಲಿಕ್ ಬಣ್ಣದ ಚೂರೊಂದು ಹಕ್ಕಳೆಯ ಹಾಗೆ ಎದ್ದು ಬಂತು. ಕೆಳಗೆ ಆಯಿಲ್ ಪೇಸ್ಟಲ್‌ನಲ್ಲಿ ತಿಕ್ಕಿದ್ದ ನೀಲಿ ಇನ್ನೂ ಜಿಡ್ಡುಜಿಡ್ಡಾಗಿ ಕೂತಿತ್ತು. ಅವತ್ತು ತುಂಬಾ ಬೇಜಾರಾಯಿತು. ಎರಡು ವಾರದ ಸಂಜೆಗಳೆಲ್ಲ ಆ ಆಕಾಶಕ್ಕೇ ಹೋಗಿದ್ದವು.

ತಪ್ಪು ಏನೆಂದು ಗೊತ್ತಾಗಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಆಯಿಲ್ ಪೇಸ್ಟಲ್‌ನಲ್ಲಿ ಬಣ್ಣದ ಪುಡಿಯ ಜೊತೆ ಮೇಣ ಮತ್ತು ಒಣಗದ ಎಣ್ಣೆ ಇರುತ್ತದೆ. ಅದು ವರ್ಷ ಕಳೆದರೂ ಪೂರ್ತಿ ಗಟ್ಟಿಯಾಗುವುದಿಲ್ಲ. ಅಕ್ರಿಲಿಕ್ ಹಾಗಲ್ಲ. ಅದರ ನೀರು ಆರಿದ ಕೂಡಲೇ ಪ್ಲಾಸ್ಟಿಕ್ ಪೊರೆಯಾಗುತ್ತದೆ. ತೆಳ್ಳಗೆ ಬಳಿದರೆ ಹತ್ತಿಪ್ಪತ್ತು ನಿಮಿಷ ಸಾಕು. ಜಿಡ್ಡಿನ ಮೇಲೆ ಆ ಪೊರೆ ಕೂರುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಎಣ್ಣೆ ಸವರಿದ ಹಲಗೆಗೆ ಕಾಗದ ಅಂಟಿಸಿದ ಹಾಗೆ.

ಹಾಗಾಗಿ ನಾನು ಪಾಲಿಸುವ ಕ್ರಮ ಒಂದೇ: ನೀರಿನದೆಲ್ಲ ಕೆಳಗೆ, ಎಣ್ಣೆಯದೆಲ್ಲ ಮೇಲೆ. ಜಲವರ್ಣ, ಇಂಕು, ಅಕ್ರಿಲಿಕ್, ಕಾಗದ ಅಂಟಿಸುವುದು ಎಲ್ಲವೂ ಮೊದಲು. ಆಯಿಲ್ ಪೇಸ್ಟಲ್ ಕೊನೆಗೆ. ಅಕ್ರಿಲಿಕ್ ಚೆನ್ನಾಗಿ ಒಣಗಿದ ಮೇಲೆ ತೈಲವರ್ಣ ಹಾಕಬಹುದು, ಆದರೆ ತೈಲವರ್ಣದ ಮೇಲೆ ಅಕ್ರಿಲಿಕ್ ಸಲ್ಲದು. ಒಂದು ವಿನಾಯಿತಿ ಇದೆ. ಆಯಿಲ್ ಪೇಸ್ಟಲ್‌ನಿಂದ ನಾಲ್ಕು ಗೆರೆ ಎಳೆದು ಮೇಲೆ ತಿಳಿಯಾದ ಜಲವರ್ಣ ಹರಿಸಿದರೆ ನೀರು ಆ ಗೆರೆಗಳನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ನೀರಿನ ಮೇಲೆ ಬೆಳಕು ಹೊಳೆಯುವುದನ್ನು ತೋರಿಸಲು ಇದಕ್ಕಿಂತ ಚೆಂದದ ದಾರಿ ನನಗೆ ಸಿಕ್ಕಿಲ್ಲ. ಅಲ್ಲಿ ಜಿಡ್ಡಿನ ಮೇಲೆ ಪೊರೆ ಕೂರಿಸುತ್ತಿಲ್ಲ, ಜಿಡ್ಡು ನೀರನ್ನು ತಳ್ಳುವುದನ್ನೇ ಬಳಸಿಕೊಳ್ಳುತ್ತಿದ್ದೇವೆ.

ನಾನು ಚಿತ್ರಕಲೆ ಕಲಿತವನಲ್ಲ. ಕೆಲಸ ಮುಗಿಸಿ ಬಂದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ಬರೆಯುತ್ತೇನೆ. ಶುರು ಮಾಡಿದ್ದು ನಿಸರ್ಗ ಚಿತ್ರಗಳಿಂದ. ಬೆಟ್ಟ, ನೀರು, ಮರ. ಮೊದಲ ವರ್ಷದ ಚಿತ್ರಗಳನ್ನು ಈಗ ತೆಗೆದು ನೋಡಿದರೆ ಎಲ್ಲದರಲ್ಲೂ ಒಂದೇ ತೊಂದರೆ. ಮೂರು ಮೈಲಿ ಆಚೆಯ ಮರಕ್ಕೂ ಎಲೆ ಬಿಡಿಸಿದ್ದೇನೆ. ಕಾಲಬುಡದ ಹುಲ್ಲಿಗೆ ಹಾಕಿದ ಹಸಿರೇ ಬೆಟ್ಟದ ನೆತ್ತಿಯಲ್ಲೂ ಇದೆ. ನೋಡಿದರೆ ಬೆಟ್ಟ ಹತ್ತಿರ ಬಂದು ಮೂಗಿಗೆ ಬಡಿಯುತ್ತದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆ ಇದೆಯಲ್ಲ, ಅದನ್ನು ನಾವು ಬೇರೆ ಅರ್ಥಕ್ಕೆ ಬಳಸುತ್ತೇವೆ. ಆದರೆ ಚಿತ್ರ ಬರೆಯುವವರಿಗೆ ಅದು ಅಕ್ಷರಶಃ ಪಾಠ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುತ್ತದೆ, ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಹಾಗಾಗಿ ದೂರ ಹೋದಂತೆ ಬಣ್ಣ ನೀಲಿಗೆ ತಿರುಗುತ್ತದೆ, ಕಪ್ಪು ಬೂದಾಗುತ್ತದೆ, ಅಂಚು ಮಸುಕಾಗುತ್ತದೆ. ಲಿಯನಾರ್ಡೊ ಡ ವಿಂಚಿ 500 ವರ್ಷದ ಹಿಂದೆಯೇ ಇದನ್ನು ಗಮನಿಸಿ ಬರೆದಿಟ್ಟಿದ್ದ. ಈ ಮೂರರಲ್ಲಿ ಮೊದಲ ಎರಡು ನನಗೆ ಬೇಗ ಅರ್ಥವಾದವು. ಮೂರನೆಯದು, ಅಂಚು, ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು.

ಬಣ್ಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್, ಟೈಟಾನಿಯಂ ಬಿಳಿ. ಈ ನಾಲ್ಕರಲ್ಲೇ ಆರು ತಿಂಗಳು ಕಳೆದೆ. ಮೊದಲೆರಡು ಸೇರಿದರೆ ಒಳ್ಳೆಯ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ಮಳೆಮೋಡ, ಕಂದು ಹೆಚ್ಚಾದರೆ ಒದ್ದೆ ಮಣ್ಣು. ಡಬ್ಬಿಯ ಕಪ್ಪು ಬೇಕೇ ಆಗಲಿಲ್ಲ. ಫ್ಥಾಲೋ ನೀಲಿಯನ್ನು ಮಾತ್ರ ಹುಷಾರಾಗಿ ಬಳಸಿ. ಒಂದು ಚುಕ್ಕೆ ತಟ್ಟೆಯ ಎಲ್ಲ ಬಣ್ಣವನ್ನೂ ನುಂಗಿಬಿಡುತ್ತದೆ.

ಅಬ್‌ಸ್ಟ್ರಾಕ್ಟ್ (ಅಮೂರ್ತ) ಚಿತ್ರದ ಕಡೆಗೆ ನಾನು ಬಂದದ್ದು ಡಚ್ ಚಿತ್ರಕಾರ ಮೊಂಡ್ರಿಯಾನ್‌ನ ಮರಗಳನ್ನು ನೋಡಿ. 1908ರ ಹೊತ್ತಿಗೆ ಅವನ ಮರ ಮರವೇ. ಕೆಂಪು ಕೊಂಬೆಗಳು, ನೀಲಿ ಹಿನ್ನೆಲೆ. 1911ರ ಬೂದು ಮರದಲ್ಲಿ ಕೊಂಬೆಗಳು ಬಿಲ್ಲಿನಂಥ ಗೆರೆಗಳಾಗಿವೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಗೆರೆಗಳು ಮಾತ್ರ ಉಳಿದು ಮರ ಮರೆಯಾಗಿದೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಒಂದು ಭಯ ಹೋಯಿತು. ಅಬ್‌ಸ್ಟ್ರಾಕ್ಟ್ ಅಂದರೆ ಎಲ್ಲಿಂದಲೋ ಉದುರುವ ಆಕಾರ ಅಂದುಕೊಂಡಿದ್ದೆ. ಇಲ್ಲಿ ಒಬ್ಬ ಮನುಷ್ಯ ಮರವನ್ನೇ ನೋಡುತ್ತಾ, ಒಂದೊಂದನ್ನೇ ಬಿಡುತ್ತಾ ಹೋಗಿದ್ದಾನೆ. ನಮ್ಮ ದೇಶದ ಚಿತ್ರಕಾರ ಎಸ್.ಎಚ್. ರಝಾ ಕೂಡ ನಿಸರ್ಗ ಚಿತ್ರಗಳಿಂದಲೇ ಹೊರಟವರು. 1950ರಲ್ಲಿ ಫ್ರಾನ್ಸಿಗೆ ಹೋದರು, ಚಿತ್ರಗಳಿಂದ ಮನೆ ಮರಗಳು ಕರಗಿದವು, ಆದರೆ 1983ರ ಅಬ್‌ಸ್ಟ್ರಾಕ್ಟ್ ಚಿತ್ರವೊಂದಕ್ಕೂ ‘ಸೌರಾಷ್ಟ್ರ’ ಅಂತ ನೆಲದ ಹೆಸರನ್ನೇ ಇಟ್ಟರು. ನೆಲ ಕಾಣದಿದ್ದರೂ ಅದರ ಬಣ್ಣ ಅಲ್ಲಿದೆ.

ನಾನೂ ಹಾಗೇ ಮಾಡಿ ನೋಡಿದೆ. ಒಂದು ಕೆರೆ, ಆಚೆ ದಡ, ಹಿಂದೆ ಎರಡು ಸಾಲು ಬೆಟ್ಟ. ಮಳೆ ಬರುವ ಮುಂಚಿನ ಹೊತ್ತು. ಇದನ್ನೇ ಅಂಗೈಯಗಲದ ಕಾಗದಗಳಲ್ಲಿ ಒಂಬತ್ತು ಸಲ ಬರೆದೆ. ಪ್ರತಿ ಸಲ ಒಂದನ್ನು ಬಿಟ್ಟೆ. ಮೊದಲು ಮರ ಹೋಯಿತು. ಆಮೇಲೆ ದಡದ ಕಲ್ಲುಗಳು. ಆಮೇಲೆ ನೆರಳು. ಆರನೆಯದಕ್ಕೆ ಬಂದಾಗ ಕಾಗದದಲ್ಲಿ ನಾಲ್ಕು ಅಡ್ಡ ಪಟ್ಟೆಗಳು ಮಾತ್ರ ಇದ್ದವು. ಬಣ್ಣ ಸರಿಯಿತ್ತು. ಕಪ್ಪು ಬಿಳುಪಿನ ಅಳತೆಯೂ ಸರಿಯಿತ್ತು. ಕಣ್ಣು ಕಿರಿದು ಮಾಡಿ ನೋಡಿ ಖಾತ್ರಿ ಮಾಡಿಕೊಂಡೆ. ಆದರೂ ಅದು ಪಟ್ಟೆಪಟ್ಟೆ ಬಟ್ಟೆಯ ಹಾಗೆ ಸತ್ತು ಬಿದ್ದಿತ್ತು.

ಏಳನೆಯದರಲ್ಲಿ ಉತ್ತರ ಸಿಕ್ಕಿತು, ಅದೂ ಆಕಸ್ಮಿಕವಾಗಿ. ಹಾಳಾದ ಐದನೆಯದನ್ನು ಹರಿದು ಬಿಸಾಡಲು ಹೋದೆ. ಒಂದು ಚೂರು ಏಳನೆಯದರ ಮೇಲೆ ಬಿತ್ತು. ಹರಿದ ಕಡೆ ಕಾಗದದ ಬಿಳಿ ಒಳಮೈ ಕಾಣುತ್ತಿತ್ತು. ತೆಳು, ಅಂಕುಡೊಂಕು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು. ಆ ಬಿಳಿ ಗೆರೆ ಬೆಟ್ಟದ ಬುಡಕ್ಕೆ ಸರಿಯಾಗಿ ಬಿದ್ದು ಅಲ್ಲಿ ಮಂಜು ಎದ್ದ ಹಾಗಾಯಿತು. ನಾನು ಕೈ ಕಟ್ಟಿಕೊಂಡು ಬಹಳ ಹೊತ್ತು ನಿಂತೆ. ಪಟ್ಟೆಗಳಿಗೆ ಬೇಕಾಗಿದ್ದದ್ದು ಇದೇ. ಅವಕ್ಕೆ ಅಂಚು ಇರಲಿಲ್ಲ. ನಾಲ್ಕೂ ಕಡೆ ಒಂದೇ ಬ್ರಷ್‌ನ ಒಂದೇ ಅಂಚು ಇತ್ತು.

ಆಗಿನಿಂದ ಮಿಕ್ಸೆಡ್ ಮೀಡಿಯಾವನ್ನು ನಾನು ನೋಡುವ ರೀತಿಯೇ ಬದಲಾಯಿತು. ಒಂದೊಂದು ಸಾಮಗ್ರಿ ಒಂದೊಂದು ಬಗೆಯ ಅಂಚು ಕೊಡುತ್ತದೆ, ಅದಕ್ಕಾಗಿಯೇ ಅದನ್ನು ತೆಗೆದುಕೊಳ್ಳುತ್ತೇನೆ. ಒದ್ದೆ ಕಾಗದದ ಮೇಲೆ ಬಿಟ್ಟ ಇಂಕಿಗೆ ಅಂಚೇ ಇಲ್ಲ, ಅದು ದೂರದ ಬೆಟ್ಟ. ಒಣ ಬ್ರಷ್‌ನ ಅಂಚು ಹರಕುಹರಕು, ಅದು ಹುಲ್ಲು. ಕತ್ತರಿಯ ಅಂಚು ಕಣ್ಣಿಗೆ ಚುಚ್ಚುತ್ತದೆ. ಇಡೀ ಚಿತ್ರದಲ್ಲಿ ಒಂದು ಕಡೆ ಸಾಕು. ಇದ್ದಿಲಿನ ಅಂಚನ್ನು ಬೆರಳಿನಿಂದ ಬೇಕಾದಷ್ಟು ಕರಗಿಸಬಹುದು. ಆದರೆ ಇದ್ದಿಲಿನ ಮೇಲೆ ನೇರವಾಗಿ ಬಣ್ಣ ಹಾಕಿದರೆ ಎಲ್ಲ ಕೆಸರಾಗುತ್ತದೆ. ಮೊದಲು ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ದ್ರವ ಸಿಂಪಡಿಸಿ ಆರಲು ಬಿಡಬೇಕು.

ಕಾಗದ ಹರಿಯುವುದರಲ್ಲೂ ಕಲಿಯುವುದು ಸಾಕಷ್ಟಿದೆ. ಯಂತ್ರದಲ್ಲಿ ಮಾಡಿದ ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿನಲ್ಲಿ ಹರಿದರೆ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಬರುತ್ತದೆ. ಒಂದು ಮೂಲೆಯಲ್ಲಿ ಎರಡೂ ಕಡೆ ಹರಿದು ನೋಡಿದರೆ ತಕ್ಷಣ ತಿಳಿಯುತ್ತದೆ. ಬಣ್ಣ ಬಳಿದು ಒಣಗಿಸಿದ ಕಾಗದ ಹರಿದಾಗ ಎರಡು ತುಂಡುಗಳಲ್ಲಿ ಒಂದಕ್ಕೆ ಬಿಳಿ ಗೆರೆ ಚೆನ್ನಾಗಿ ಬರುತ್ತದೆ. ಎಳೆಯುವ ದಿಕ್ಕು ಬದಲಿಸಿದರೆ ಗೆರೆ ಇನ್ನೊಂದು ತುಂಡಿಗೆ ಹೋಗುತ್ತದೆ. ನಿಧಾನವಾಗಿ, ಬೆರಳುಗಳನ್ನು ಹತ್ತಿರ ಇಟ್ಟುಕೊಂಡು, ಚೂರುಚೂರೇ ಹರಿಯಬೇಕು. ನಾನು ಒಂದು ಸಂಜೆ ಪೂರ್ತಿ ಸುಮ್ನೆ ಕಾಗದ ಹರಿಯುತ್ತಾ ಕೂತಿದ್ದೆ. ಅಷ್ಟು ಖುಷಿಯ ಸಂಜೆಗಳು ಕಡಿಮೆ.

ಯಾವ ಕಾಗದ ಅನ್ನುವುದು ಮುಖ್ಯ. ಚಿತ್ರಕಾರರಾದ ಬ್ರಾಕ್ ಮತ್ತು ಪಿಕಾಸೊ 1912ರಲ್ಲಿ ಚಿತ್ರಕ್ಕೆ ಕಾಗದ ಅಂಟಿಸಲು ಶುರು ಮಾಡಿದಾಗ ದಿನಪತ್ರಿಕೆಯನ್ನೂ ಬಳಸಿದರು. ನಾನೂ ಆಸೆಪಟ್ಟು ಹಾಕಿದ್ದೆ. ಬೇಗ ಹಳದಿಯಾಯಿತು. ಆ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೂ ಗಾಳಿಗೂ ಬಣ್ಣ ಬದಲಿಸುತ್ತದೆ. ಬಣ್ಣದ ಟಿಶ್ಯೂ ಪೇಪರ್ ಇನ್ನೊಂದು ಆಸೆ. ಅಂಟು ತಾಗಿದರೆ ತೆಳು ಪರದೆಯಾಗಿ ಕೆಳಗಿನದು ಕಾಣುತ್ತದೆ, ಚೆಂದ. ಆದರೆ ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿಟ್ಟ ಗುಲಾಬಿ ತುಂಡು ಒಂದು ತಿಂಗಳಿಗೆ ಅರ್ಧ ಬಿಳಿಯಾಗಿತ್ತು. ಹೊಸ ಬಣ್ಣ, ಹೊಸ ಕಾಗದ ಯಾವುದೇ ಇರಲಿ, ಈ ಕಿಟಕಿ ಪರೀಕ್ಷೆ ಮಾಡಿಯೇ ಬಳಸುತ್ತೇನೆ. ಈಗ ನನ್ನ ಕೊಲಾಜಿಗೆ (ಕಾಗದ ಅಂಟಿಸಿ ಮಾಡುವ ಚಿತ್ರಕ್ಕೆ) ಆಮ್ಲರಹಿತ ಬಿಳಿ ಕಾಗದ ತಂದು ನಾನೇ ಬಣ್ಣ ಬಳಿದುಕೊಳ್ಳುತ್ತೇನೆ.

ಅಂಟಿಸುವುದು ಅಕ್ರಿಲಿಕ್ ಮ್ಯಾಟ್ ಮೀಡಿಯಂನಿಂದ, ಅಂದರೆ ಬಣ್ಣವೂ ಹೊಳಪೂ ಇಲ್ಲದ ಅಕ್ರಿಲಿಕ್ ಅಂಟಿನಿಂದ. ಕೆಳಗೂ ಸವರಬೇಕು, ಕಾಗದದ ಬೆನ್ನಿಗೂ ಸವರಬೇಕು, ನಡುವಿನಿಂದ ಹೊರಕ್ಕೆ ಒತ್ತಿ ಗಾಳಿ ತೆಗೆಯಬೇಕು, ಆಮೇಲೆ ಮೇಲೂ ಒಂದು ಕೈ. ಅಡಿಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಬಳಸುತ್ತೇನೆ. ಅದೂ ಒಂದು ಕಡೆ ಮಾತ್ರ ಬಳಿದರೆ ಬಿಲ್ಲಿನಂತೆ ಬಾಗುತ್ತದೆ. ಹಿಂಬದಿಗೂ ಒಂದು ಕೈ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಕೊಟ್ಟರೆ ಎರಡೂ ಕಡೆ ಎಳೆತ ಸಮನಾಗಿ ನೇರ ನಿಲ್ಲುತ್ತದೆ.

ಇನ್ನೊಂದು ಪೆಟ್ಟು ತಿಂದ ಅನುಭವವನ್ನೂ ಹೇಳಬೇಕು. ಬೇಸಿಗೆಯಲ್ಲಿ ಎರಡು ಮುಗಿದ ಚಿತ್ರಗಳನ್ನು ಮುಖಕ್ಕೆ ಮುಖ ಇಟ್ಟು ಮೇಲೆ ಪುಸ್ತಕ ಹೇರಿದ್ದೆ. ಅಕ್ರಿಲಿಕ್ ಪೊರೆ ಬಿಸಿಗೆ ಮೆತ್ತಗಾಗುತ್ತದೆ. ಎರಡೂ ಒಂದಕ್ಕೊಂದು ಅಂಟಿ, ಬಿಡಿಸುವಾಗ ಒಂದರ ಬೆಟ್ಟ ಇನ್ನೊಂದರ ನೀರಿಗೆ ಹೋಯಿತು. ಈಗ ನಡುವೆ ಸಿಲಿಕೋನ್ ಲೇಪದ ಕಾಗದ ಇಲ್ಲದೆ ಯಾವುದನ್ನೂ ಜೋಡಿಸುವುದಿಲ್ಲ.

ಒಂಬತ್ತು ಚಿಕ್ಕ ಚಿತ್ರಗಳಾದ ಮೇಲೆ ಅದೇ ಕೆರೆಯನ್ನು ದೊಡ್ಡದಾಗಿ ಮಾಡಿದೆ. ಎರಡು ಕೈ ಜೆಸ್ಸೊ, ನಡುವೆ ನಯವಾದ ಸ್ಯಾಂಡ್‌ಪೇಪರ್ ಉಜ್ಜಿದೆ. ಮೊದಲ ಸಂಜೆ ಆಕಾಶ. ತೆಳು ಅಕ್ರಿಲಿಕ್ ಬೂದು ಹರಿಸಿ, ಕಾಗದ ಓರೆ ಮಾಡಿ ಇಳಿಯಲು ಬಿಟ್ಟೆ. ಒಣಗಿದಾಗ ಅಂದುಕೊಂಡದ್ದಕ್ಕಿಂತ ಕಪ್ಪಾಗಿತ್ತು. ಹಸಿಯಿರುವಾಗ ಅಕ್ರಿಲಿಕ್‌ನ ಅಂಟು ಹಾಲಿನ ಹಾಗೆ ಬೆಳ್ಳಗಿದ್ದು, ಆರಿದಾಗ ತಿಳಿಯಾಗುತ್ತದೆ. ಅದಕ್ಕೇ ಬಣ್ಣ ಒಂದು ಮೆಟ್ಟಿಲು ಇಳಿಯುತ್ತದೆ. ಮರುದಿನ ಬಿಳಿ ಸೇರಿಸಿ ಸರಿಮಾಡಿದೆ. ಹಿಂದಿನ ಬೆಟ್ಟವನ್ನು ಒದ್ದೆಯಲ್ಲೇ ಬಿಟ್ಟೆ, ಮುಂದಿನ ಬೆಟ್ಟಕ್ಕೆ ಹರಿದ ಕಾಗದ, ಬುಡದಲ್ಲಿ ಆ ಬಿಳಿ ಗೆರೆ. ಕೆರೆಗೆ ಬಣ್ಣ ಬಳಿದು, ಹಸಿಯಿರುವಾಗಲೇ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಒಂದೇ ಎಳೆತಕ್ಕೆ ಕೆರೆದೆ. ಕೆಳಗಿನ ಓಕರ್ ಬಣ್ಣ ಗೀರುಗೀರಾಗಿ ಎದ್ದು ಬಂತು.

ನಂತರ ಚಿತ್ರವನ್ನು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ ಮಲಗಿದೆ. ರಷ್ಯಾದ ಚಿತ್ರಕಾರ ಕ್ಯಾಂಡಿನ್ಸ್ಕಿ ಒಂದು ಸಂಜೆ ಮನೆಗೆ ಬಂದಾಗ ಪಕ್ಕಕ್ಕೆ ಮಗುಚಿ ಇಟ್ಟಿದ್ದ ತನ್ನದೇ ಚಿತ್ರವನ್ನು ಗುರುತಿಸದೆ ಅದರ ಚೆಲುವಿಗೆ ಬೆರಗಾಗಿದ್ದನಂತೆ. ಅವನೇ ಬರೆದುಕೊಂಡಿದ್ದಾನೆ. ನನಗೆ ಬೆಳಿಗ್ಗೆ ಕಂಡದ್ದು ಚೆಲುವಲ್ಲ, ತಪ್ಪು. ಎಡಮೂಲೆಯಲ್ಲಿ ನಾನು ತುಂಬಾ ಪ್ರೀತಿಯಿಂದ ಬಿಡಿಸಿದ್ದ ಒಂಟಿ ಮರ ಎಲ್ಲ ಭಾರವನ್ನೂ ತನ್ನ ಕಡೆ ಎಳೆದುಕೊಂಡಿತ್ತು. ಅದರ ಮೇಲೆ ಬೂದು ಕಾಗದ ಅಂಟಿಸಿ ಮುಚ್ಚಿದೆ. ಕೈ ನಡುಗಿತು, ನಿಜ. ಕೊನೆಗೆ ಆಯಿಲ್ ಪೇಸ್ಟಲ್‌ನಿಂದ ನೀರಿನ ಮೇಲೆ ಎರಡೇ ಗೆರೆ.

ಅಮ್ಮ ಬಂದು ನೋಡಿದರು. ನಾನು ಏನೂ ಹೇಳಿರಲಿಲ್ಲ. ‘ಇದೇನು, ಮಳೆ ಬರೋ ಹಾಗಿದೆಯಲ್ವಾ?’ ಅಂದರು. ಅದರಲ್ಲಿ ಮೋಡ ಇಲ್ಲ, ಮರ ಇಲ್ಲ, ದಡವೂ ಸ್ಪಷ್ಟವಿಲ್ಲ.

ಈಗ ಮೇಜಿನ ಮೇಲೆ ಅದೇ ಕೆರೆಯ ನಾಲ್ಕನೇ ದೊಡ್ಡ ಚಿತ್ರ ಇದೆ. ನೀರು ದಡಕ್ಕೆ ತಾಗುವ ಜಾಗ ಇನ್ನೂ ಸಿಕ್ಕಿಲ್ಲ. ಕತ್ತರಿಸಿ ಇಟ್ಟರೆ ಗಡುಸು, ಒದ್ದೆಯಲ್ಲಿ ಬಿಟ್ಟರೆ ಎರಡೂ ಒಂದಾಗಿಬಿಡುತ್ತವೆ. ಓಕರ್ ಬಳಿದ ಎರಡು ಹಾಳೆ ಒಣಗಲು ಹಾಕಿದ್ದೇನೆ. ರಾತ್ರಿ ಅವನ್ನು ನಾರಿಗೆ ಅಡ್ಡವಾಗಿ ಹರಿದು ನೋಡಬೇಕು.