ಬೆಳಿಗ್ಗೆ ನಾಲ್ಕರ ಹೆದರಿಕೆ: ಪೇನ್‌ಕಿಲ್ಲರ್ ಬಿಟ್ಟ ನನ್ನ ಅನುಭವ

ನಾನು ಮಲ್ಪೆ ಹತ್ರ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತ್ಕೊಳ್ಳುವವ. ಒಂದು ಮಳೆಗಾಲ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಪಾದದ ಗಂಟು ಮುರಿದು ಪ್ಲೇಟ್ ಹಾಕಿಸ್ಬೇಕಾಯ್ತು. ಡಿಸ್ಚಾರ್ಜ್ ಮಾಡುವಾಗ ಬರೆದು ಕೊಟ್ಟದ್ದು ಟ್ರಮಡಾಲ್ (ಅಫೀಮು ಜಾತಿಯ ನೋವಿನ ಮದ್ದು) 37.5 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಸೇರಿದ ಮಾತ್ರೆ, ಹತ್ತು ದಿನಕ್ಕೆ. ನಾನು ತಿಂದದ್ದು ಹನ್ನೊಂದು ತಿಂಗಳು, ದಿನಕ್ಕೆ ನಾಲ್ಕು. ನೋವು ಯಾವಾಗಲೋ ಹೋಗಿತ್ತು, ಆದ್ರೆ ತಿಂದ್ರೆ ಮಂಡೆ ಹಗುರ ಆಗ್ತಿತ್ತು, ಸತ್ಯ ಹೇಳುದಾದ್ರೆ ಅದಕ್ಕೇ ತಿಂತಿದ್ದದ್ದು. ಹಳೇ ಚೀಟಿ ತೋರಿಸಿದ್ರೆ ಒಂದು ಮೆಡಿಕಲ್‌ನವ ಕೊಡ್ತಿದ್ದ. ಮೇ ಕೊನೆಗೆ ಒಂದು ದಿನ ಅವನೇ, "ಇದು 2018ರಿಂದ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ಕಾನೂನಿಗೆ ಬರ್ತದೆ ಮಾರಾಯ್ರೆ, ಹೊಸ ಚೀಟಿ ಇಲ್ಲದೆ ಇನ್ನು ಆಗುದಿಲ್ಲ" ಅಂದ.

ಹಾಗಾದ್ರೆ ಬಿಟ್ಟೇ ಬಿಡುವ ಅಂತ ಒಂದೇ ಸಲ ನಿಲ್ಲಿಸಿದೆ. ಮಾಡ್ಲೇಬಾರದಿತ್ತು. ಮರುದಿನ ಸಂಜೆಯಿಂದ ಆಕಳಿಕೆ ಮೇಲೆ ಆಕಳಿಕೆ, ಮೂಗಲ್ಲಿ ನೀರು, ಮೈಯೆಲ್ಲ ಜುಂ, ಹೊಟ್ಟೆ ಕೆಟ್ಟದ್ದು ಬೇರೆ. ಅದೆಲ್ಲ ಹೇಗೋ ತಡ್ಕೊಳ್ಬಹುದು, ಆದ್ರೆ ಮೂರನೇ ರಾತ್ರಿ ಬಂದ ಹೆದರಿಕೆ ಉಂಟಲ್ಲ, ಅದು ಎಂತದು ಅಂತ ಹೇಳ್ಲಿಕ್ಕೇ ಬರುದಿಲ್ಲ, ಎದೆ ಡಬಡಬ, ಕಾಲು ಒಂದು ಕಡೆ ನಿಲ್ಲುದಿಲ್ಲ, ಈಗಲೇ ಯಾರೋ ಸತ್ತ ಸುದ್ದಿ ಬರ್ತದೆ ಅನ್ನುವ ಹಾಗೆ. ಹೆಂಡತಿ ಡೆಂಗ್ಯೂ ಇರ್ಬಹುದು ಅಂದ್ಳು. ಮಾವ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸು ನಿವಾಳಿಸಿದ್ರು. ಮರುದಿನ ಕೌಂಟರಿನಲ್ಲಿ ಐನೂರರ ಒಂದು ಕಟ್ಟು ಮೂರು ಸಲ ಎಣಿಸಿದೆ, ಮೂರು ಸಲವೂ ಲೆಕ್ಕ ಬೇರೆ ಬೇರೆ, ಬೆರಳು ನಡುಗ್ತಾ ಇತ್ತು.

ಅವತ್ತು ಹೆಂಡತಿಗೆ ಎಲ್ಲ ಹೇಳಿದೆ. ಅವಳೇ ಮನೋವೈದ್ಯರ ಹತ್ರ ಕರ್ಕೊಂಡು ಹೋದದ್ದು. ಡಾಕ್ಟ್ರು ಹೇಳಿದ್ದು ನನಗೆ ಸರೀ ಅರ್ಥ ಆಯ್ತು: ಈ ಜಾತಿ ಮಾತ್ರೆ ಮೆದುಳಿನ ಅಲಾರಂ ಅನ್ನು ತಿಂಗಳುಗಟ್ಟಲೆ ಅದುಮಿ ಹಿಡಿದಿರ್ತದೆ, ಕೈ ತೆಗೆದ ಕೂಡಲೇ ಅದು ಸ್ಪ್ರಿಂಗ್ ಹಾಗೆ ಹಾರ್ತದೆ, ಮೈಯನ್ನು ಎಚ್ಚರಿಸುವ ನೊರಾಡ್ರಿನಲಿನ್ ಅನ್ನುವ ರಾಸಾಯನಿಕ ಉಕ್ಕಿ ಬರ್ತದೆ. ಟ್ರಮಡಾಲ್ ಸಿರೊಟೊನಿನ್ ಅನ್ನುವ ಮೆದುಳಿನ ಇನ್ನೊಂದು ರಾಸಾಯನಿಕದ ಮೇಲೂ ಕೆಲಸ ಮಾಡುದ್ರಿಂದ ಕೆಲವರಿಗೆ ಇನ್ನೂ ಜೋರು. ಅಂದ್ರೆ ಹೆದರಿಕೆಗೆ ಕಾರಣ ಹುಡುಕುದು ಬೇಡ, ಹೆದರಿಕೆಯೇ ಒಂದು ಲಕ್ಷಣ, ಮೂಗಲ್ಲಿ ನೀರು ಬಂದ ಹಾಗೆ. ಇದೊಂದು ಮಾತಿನಿಂದ ನನಗೆ ಅರ್ಧ ಧೈರ್ಯ ಬಂತು.

ಪುನಃ ನಾಲ್ಕು ಮಾತ್ರೆಗೆ ತಂದು ಎರಡು ವಾರಕ್ಕೆ ಅರ್ಧ ಮಾತ್ರೆ ಹಾಗೆ ಇಳಿಸುದು ಅಂತ ಆಯ್ತು. ಸ್ಟ್ರಿಪ್ ಎಲ್ಲ ಹೆಂಡತಿ ಕೈಗೆ, ಅವಳು ಎಲ್ಲಿ ಇಡ್ತಾಳೆ ಅಂತ ನಾನು ಕೇಳುವ ಹಾಗಿಲ್ಲ. ಬೆವರು, ಎದೆಬಡಿತಕ್ಕೆ ಸ್ವಲ್ಪ ದಿನ ಕ್ಲೋನಿಡಿನ್ ಕೊಟ್ರು, ಅದು ಬಿಪಿ ಇಳಿಸ್ತದೆ, ಹಾಗಾಗಿ ಹಾಸಿಗೆಯಿಂದ ಫಕ್ಕನೆ ಏಳ್ಬಾರದು. ಫ್ರೆಂಡ್ ಒಬ್ಬ ನಿದ್ರೆಗೆ ಅಲ್ಪ್ರಾಜೋಲಾಂ ತಂದು ಕೊಡ್ತೇನೆ ಅಂದಿದ್ದ, ಡಾಕ್ಟ್ರು ಕೇಳಿ ಹೌಹಾರಿದ್ರು, ಅದೂ ಟ್ರಮಡಾಲೂ ಸೇರಿದ್ರೆ ಉಸಿರೇ ನಿಧಾನ ಆಗಿ ಜೀವಕ್ಕೆ ಅಪಾಯ ಅಂತೆ.

ಒಂದು ಹಳೇ ಡೈರಿಯಲ್ಲಿ ಹೆದರಿಕೆ ಬಂದ ಟೈಮ್, ಹೋದ ಟೈಮ್ ಮಾತ್ರ ಬರೀಲಿಕ್ಕೆ ಶುರು ಮಾಡಿದೆ, ಕ್ಯಾಶಿಯರ್ ಬುದ್ಧಿ ನೋಡಿ. ಹತ್ತು ದಿನದಲ್ಲಿ ಗೊತ್ತಾಯ್ತು, ಹೆಚ್ಚಾಗಿ ಬರುದು ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಮಧ್ಯಾಹ್ನ ಮೂರಕ್ಕೆ, ಇರುದು ಇಪ್ಪತ್ತು ಇಪ್ಪತ್ತೈದು ನಿಮಿಷ. ಮೂರರದ್ದಕ್ಕೆ ಊಟ ಆದ ಮೇಲಿನ ಕಾಫಿ ಬಿಟ್ಟೆ, ಜೀರಿಗೆ ಕಷಾಯ ಕುಡಿದೆ, ತುಂಬ ಕಡಿಮೆ ಆಯ್ತು. ನಾಲ್ಕರದ್ದಕ್ಕೆ ಹಾಸಿಗೆಯಲ್ಲಿ ಬಿದ್ಕೊಂಡ್ರೆ ಆಗ್ಲೇ ಇಲ್ಲ. ಎದ್ದು ಬಾವಿಕಟ್ಟೆಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿ, ನಾಲ್ಕು ಎಣಿಸಿ ಉಸಿರು ಎಳ್ಕೊಂಡು ಆರು ಎಣಿಸಿ ಬಿಡುದು. ಬೆಳಕು ಬಿಟ್ಟ ಮೇಲೆ ಕೊಡೆ ಹಿಡ್ಕೊಂಡು ಬಂದರಿಗೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ ಅಲ್ವಾ, ಬೋಟೆಲ್ಲ ಒತ್ತೊತ್ತಿಗೆ ಕಟ್ಟಿ ಹಾಕಿರ್ತಾರೆ. ಒಂದೊಂದರ ಹೆಸರು ಗಟ್ಟಿಯಾಗಿ ಓದ್ತಾ ಹೋಗುದು. ನೋಡಿದವ್ರು ಇವನಿಗೆ ಮರುಳು ಅಂದಿರ್ಬಹುದು. ಆಗಸ್ಟಲ್ಲಿ ಬೋಟೆಲ್ಲ ಕಡಲಿಗೆ ಹೋದ ಮೇಲೆ ಓದ್ಲಿಕ್ಕೆ ಎಂತದೂ ಇಲ್ಲ ಅಂತ ನನಗೆ ನಿಜವಾಗಿ ಬೇಜಾರಾಗಿತ್ತು. ಊಟ ಅಂದ್ರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಬೇರೆ ಯಾವುದೂ ಹೊಟ್ಟೆಗೆ ಹಿಡಿಸ್ತಿರ್ಲಿಲ್ಲ. ಒಂದು ರಾತ್ರಿ ತಡಿಲಿಕ್ಕೇ ಆಗದೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದ್ದೂ ಉಂಟು, ಕನ್ನಡದಲ್ಲೇ ಮಾತಾಡಿದ್ರು.

ಚೌತಿ ಸಮಯ ತಪ್ಪಿದೆ. ಮನೆ ತುಂಬ ಜನ, ಗಲಾಟೆ, ಹಳೇ ಪರ್ಸಿನಲ್ಲಿ ಸಿಕ್ಕಿದ ಎರಡು ಮಾತ್ರೆ ಒಟ್ಟಿಗೆ ನುಂಗಿದೆ. ಡಾಕ್ಟ್ರಿಗೆ ಹೇಳಿದೆ, ಬೈಲಿಲ್ಲ, ಇದ್ದ ಡೋಸ್‌ನಲ್ಲೇ ಮೂರು ವಾರ ನಿಲ್ಲಿಸಿದ್ರು, ಇಳಿಸಿದ ಮೇಲೆ ಮೈಗೆ ಹಳೇ ಡೋಸ್ ತಡಿಯುವ ಶಕ್ತಿ ಇರುದಿಲ್ಲ, ಇನ್ನು ಹಾಗೆ ಮಾಡ್ಬೇಡಿ ಅಂತ ಮಾತ್ರ ಹೇಳಿದ್ರು. ಕೊನೇ ಅರ್ಧ ಮಾತ್ರೆ ಬಿಡ್ಲಿಕ್ಕೆ ಮೊದಲಿನ ಎರಡು ಮಾತ್ರೆಗಿಂತ ಕಷ್ಟ ಆಯ್ತು, ದೀಪಾವಳಿ ಕಳಿಬೇಕಾಯ್ತು.

ಈಗ ಮಳೆ ಬಂದ್ರೆ ಪಾದ ನೋಯ್ತದೆ, ಬಿಸಿನೀರಿನ ಬ್ಯಾಗ್, ತೀರಾ ಆಗದಿದ್ರೆ ಬರೀ ಪ್ಯಾರಸಿಟಮಾಲ್. ಮೊನ್ನೆ ಅಕ್ಕಿ ಮುಗಿದು ಡ್ರಮ್ ತೊಳಿಲಿಕ್ಕೆ ತೆಗೆದಾಗ ಅಡಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಒಂದು ಸ್ಟ್ರಿಪ್ ಸಿಕ್ತು. ಹೆಂಡತಿ ಎಂತ ಹೇಳ್ಲಿಲ್ಲ, ನನ್ನ ಮುಖ ನೋಡಿದ್ಳು. "ಎಕ್ಸ್‌ಪೈರಿ ಆಗಿದೆ, ನೋಡು" ಅಂದೆ. ಹೊಟ್ಟೆಯೊಳಗೆ ಒಂದು ಸಲ ಚಳಕ್ ಅಂದದ್ದು ಸುಳ್ಳಲ್ಲ.