ಇಂಗ್ಲೆಂಡಿನಲ್ಲಿ ಉಳುವವನು ಹೊಲದೊಡೆಯನಲ್ಲ: ಲೋಹಶೋಧಕ ಹಿಡಿದು ಹೊರಡುವ ಕನ್ನಡಿಗರಿಗೆ

ಇಂಗ್ಲೆಂಡಿನ ಹೊಲಗಳಲ್ಲಿ ಹಳೆಯ ನಾಣ್ಯ, ವಸ್ತುಗಳನ್ನು ಹುಡುಕಲು ಯಾವ ಲೋಹಶೋಧಕ (ಡಿಟೆಕ್ಟರ್) ಕೊಳ್ಳಬೇಕು, ಹೆಡ್‌ಫೋನ್ ಬೇಕೇ ಎಂಬ ಚರ್ಚೆ ನಮ್ಮವರ ನಡುವೆ ಬೇಕಾದಷ್ಟು ನಡೆದಿದೆ. ಕೊಯ್ಲು ಮುಗಿದು ಹೊಲದಲ್ಲಿ ಬರೀ ಕೂಳೆ ಉಳಿದಿರುವ ದಿನಗಳೇ ಹುಡುಕಾಟಕ್ಕೆ ಸೂಕ್ತ ಎಂಬುದೂ ಎಲ್ಲರಿಗೂ ಗೊತ್ತು. ನಾನು ಹೇಳಬೇಕಾದದ್ದು ಅನುಮತಿಯ ವಿಷಯ. ಮೊದಲು ಬಂದ ನಾವು ಎಡವಿದ ಜಾಗದಲ್ಲೇ ಹೊಸಬರೂ ಎಡವುತ್ತಿರುವುದನ್ನು ನೋಡಿ ಸಾಕಾಗಿದೆ.

ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ‘ಉಳುವವನೇ ಹೊಲದೊಡೆಯ’ ಎಂಬ ಮಾತು ನಮ್ಮ ರಕ್ತದಲ್ಲಿ ಸೇರಿಹೋಗಿದೆ. ಡಿಕ್ಲರೇಷನ್ ಹಾಕಿ ಭೂಮಿ ಪಡೆದ ಅಜ್ಜಂದಿರ ಮೊಮ್ಮಕ್ಕಳು ನಾವು. ಹಾಗಾಗಿ ಟ್ರ್ಯಾಕ್ಟರ್ ಮೇಲೆ ಕುಳಿತವನನ್ನು ಕಂಡರೆ ಅವನೇ ಯಜಮಾನ ಎಂದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೂರು ತಲೆಮಾರಿನಿಂದ ಅದೇ ಹೊಲ ಉಳುತ್ತಿರುವ ಕುಟುಂಬವೂ ಗೇಣಿದಾರರೇ ಆಗಿರಬಹುದು. ಭೂಮಿ ಯಾವುದೋ ಹಳೆಯ ಜಮೀನ್ದಾರಿ ಮನೆತನದ್ದು, ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನ ಕಾಲೇಜಿನದು, ಚರ್ಚಿನದು, ಇಲ್ಲವೇ ಕೌಂಟಿ ಕೌನ್ಸಿಲಿನದು (ಅಲ್ಲಿನ ಸ್ಥಳೀಯ ಆಡಳಿತದ್ದು). ಗೇಣಿ ಕರಾರಿನಲ್ಲಿ ‘ನೆಲದಡಿಯ ಖನಿಜ ಮತ್ತು ಪುರಾತನ ವಸ್ತುಗಳು ಮಾಲೀಕರಿಗೆ ಸೇರಿದ್ದು’ ಎಂಬ ಷರತ್ತು ಎಷ್ಟೋ ಕಡೆ ಇರುತ್ತದೆ.

ದಾವಣಗೆರೆ ಕಡೆಯ ಹುಡುಗನೊಬ್ಬ ನಾರ್ಫೋಕ್‌ನಲ್ಲಿ ರೈತನೊಬ್ಬನನ್ನು ಕೇಳಿದ. ಆತ ಸಂತೋಷದಿಂದ ಒಪ್ಪಿದ. ಸಿಕ್ಕಿದ್ದರಲ್ಲಿ ಅರ್ಧರ್ಧ ಎಂದು ಬಾಯಿಮಾತಿನಲ್ಲೇ ತೀರ್ಮಾನವಾಯಿತು. ಮೊದಮೊದಲು ಬಂದೂಕಿನ ತೋಟಾಗಳ ಹಿತ್ತಾಳೆ ತಳ, ಸೀಸದ ಚೂರು, ಡಬ್ಬಿಗಳ ಅಲ್ಯೂಮಿನಿಯಂ ಉಂಗುರ. ಆಮೇಲೆ ಹಸಿರು ಕಿಲುಬು ಹಿಡಿದ, ಮುಳ್ಳು ಉದುರಿಹೋದ ಒಂದು ಬಕಲ್. ಒಂದು ಸಂಜೆ ಅಂಗೈಯಗಲದ ಜಾಗದಲ್ಲಿ ಬೆಳ್ಳಿಯ ಪೆನ್ನಿ ನಾಣ್ಯಗಳು ಒಂದರ ಹಿಂದೊಂದು ಎದ್ದವು. ಒಂದನೆಯ ಎಡ್ವರ್ಡ್ ದೊರೆಯ ಕಾಲದವು: ಉಗುರಿನಷ್ಟು ತೆಳು, ಅಂಚು ಸರಿಯಾಗಿ ದುಂಡಗಿಲ್ಲ, ಒಂದು ಮುಖದಲ್ಲಿ ಎರಡೂ ಕಡೆ ಗುಂಗುರು ಕೂದಲಿನ ರಾಜ, ಇನ್ನೊಂದರಲ್ಲಿ ಅಂಚಿನಿಂದ ಅಂಚಿಗೆ ಚಾಚಿದ ಉದ್ದನೆಯ ಶಿಲುಬೆ. ಹುಡುಗ ಪ್ರಾಮಾಣಿಕ, ಕೂಡಲೇ ವರದಿ ಮಾಡಿದ. ಭೂಮಾಲೀಕರ ಹೆಸರು ಬರೆಯುವ ಜಾಗಕ್ಕೆ ಬಂದಾಗ ಗೊತ್ತಾಯಿತು, ರೈತ ಬರೀ ಗೇಣಿದಾರ. ಮಾಲೀಕರ ಕಡೆಯಿಂದ ವಕೀಲರ ಪತ್ರ ಬಂತು: ನಾವು ಅನುಮತಿ ಕೊಟ್ಟಿಲ್ಲ. ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆದು ಕೊನೆಗೆ ಹುಡುಗನಿಗೆ ಬಿಡಿಗಾಸೂ ದಕ್ಕಲಿಲ್ಲ. ಗೇಣಿದಾರನಿಗೂ ಮಾಲೀಕರಿಗೂ ಮನಸ್ತಾಪವಾಯಿತು. ಸುತ್ತಲಿನ ಹೊಲಗಳ ಬಾಗಿಲೂ ನಮ್ಮೆಲ್ಲರಿಗೆ ಮುಚ್ಚಿತು.

ಇದು ಬರೀ ದುಡ್ಡಿನ ಮಾತಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಹೊಲದಿಂದ ಎತ್ತಿಕೊಂಡದ್ದು ಒಂದು ಅಂಗಿಯ ಗುಂಡಿಯೇ ಆಗಿದ್ದರೂ ಕಳ್ಳತನದ ಆರೋಪ ಬರಬಹುದು. ವೀಸಾದ ಮೇಲೆ ಇರುವವರಿಗೆ ಪೊಲೀಸ್ ಪ್ರಕರಣ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಭೂ ನೋಂದಣಿ ಇಲಾಖೆಗೆ ಕೆಲವೇ ಪೌಂಡ್ ಕಟ್ಟಿ ಹೊಲ ಯಾರ ಹೆಸರಿನಲ್ಲಿದೆ ಎಂದು ನೋಡಿ. ಮಾಲೀಕ, ಗೇಣಿದಾರ ಇಬ್ಬರ ಸಹಿಯೂ ಇರುವ ಒಂದು ಪುಟದ ಕರಾರು ಮಾಡಿಕೊಳ್ಳಿ. ಅದರಲ್ಲಿ ಪಾಲು ಎಷ್ಟೆಂದು ಬರೆಯಿರಿ. ಬಕಲ್, ಬಿಡಿ ನಾಣ್ಯಗಳ ಬಗ್ಗೆಯೂ ಬರೆಯಿರಿ. ಅವು ಸಾಮಾನ್ಯವಾಗಿ ಕಾನೂನಿನ ಪ್ರಕಾರ ನಿಧಿಯಲ್ಲ, ಭೂಮಾಲೀಕನ ಸೊತ್ತು. ನಿಮ್ಮದು ಎನ್ನಲು ಆ ಕಾಗದವೊಂದೇ ಆಧಾರ.

ನಿಧಿ ಯಾವುದು ಎಂಬುದನ್ನು 1996ರ ಟ್ರೆಷರ್ ಕಾಯ್ದೆ ಹೇಳುತ್ತದೆ. ಸ್ಥೂಲವಾಗಿ: 300 ವರ್ಷಕ್ಕಿಂತ ಹಳೆಯದಾಗಿ, ತೂಕದಲ್ಲಿ ಕನಿಷ್ಠ ಶೇ. 10 ಚಿನ್ನ ಅಥವಾ ಬೆಳ್ಳಿ ಇರುವ ವಸ್ತು; ನಾಣ್ಯವಾದರೆ ಅಂಥವು ಎರಡಾದರೂ ಒಟ್ಟಿಗಿರಬೇಕು. 2023ರಿಂದ, 200 ವರ್ಷ ದಾಟಿದ, ವಿಶೇಷ ಐತಿಹಾಸಿಕ ಮಹತ್ವದ ಲೋಹದ ವಸ್ತುಗಳೂ ಇದರಲ್ಲಿ ಸೇರಿವೆ. ನಿಧಿ ಎಂಬ ಅನುಮಾನ ಬಂದ 14 ದಿನದೊಳಗೆ ಕೊರೋನರ್‌ಗೆ (ಅಸಹಜ ಸಾವು, ನಿಧಿಗಳ ವಿಚಾರಣೆ ನಡೆಸುವ ಅಧಿಕಾರಿಗೆ) ತಿಳಿಯಬೇಕು. ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ, ನಿಮ್ಮ ಕೌಂಟಿಯ ಫೈಂಡ್ಸ್ ಲಿಯಾಸನ್ ಅಧಿಕಾರಿಯ ಮೂಲಕ ತಿಳಿಸಬಹುದು. ಮುಚ್ಚಿಟ್ಟರೆ ಜೈಲು ಶಿಕ್ಷೆಯೂ ಆಗಬಹುದು. ವಸ್ತುವನ್ನು ಮ್ಯೂಸಿಯಂ ಕೊಂಡರೆ ಮಾರುಕಟ್ಟೆ ಬೆಲೆಯಷ್ಟು ಬಹುಮಾನ; ಸಾಮಾನ್ಯವಾಗಿ ಹುಡುಕಿದವನಿಗೆ ಅರ್ಧ, ಭೂಮಿಯವರಿಗೆ ಅರ್ಧ.

ಈ ಪದ್ಧತಿ ನಮ್ಮದಕ್ಕಿಂತ ಮೇಲು ಎಂದು ನಾನು ಖಂಡಿತವಾಗಿ ನಂಬಿದ್ದೇನೆ. 1996ರ ಕಾಯ್ದೆಗೂ ಮೊದಲೇ, 1992ರಲ್ಲಿ, ಸಫೋಕ್‌ನ ಹಾಕ್ಸನ್ ಊರಿನಲ್ಲಿ ರೈತನ ಕಳೆದುಹೋದ ಸುತ್ತಿಗೆ ಹುಡುಕಲು ಹೋದ ಎರಿಕ್ ಲಾಸ್ ಅವರಿಗೆ ರೋಮನ್ ಕಾಲದ ಸುಮಾರು 15,000 ನಾಣ್ಯಗಳ ನಿಧಿ ಸಿಕ್ಕಿತು. ಅವರು ಎಲ್ಲವನ್ನೂ ಅಗೆದು ಕೀಳದೆ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಬಂದು ಮಣ್ಣಿನ ಸಮೇತ ಕ್ರಮವಾಗಿ ತೆಗೆದರು. 17.5 ಲಕ್ಷ ಪೌಂಡ್ ಬಹುಮಾನ ಬಂತು, ಲಾಸ್ ಅದನ್ನು ರೈತನೊಂದಿಗೆ ಹಂಚಿಕೊಂಡರು. ಆ ಹೊಲವೂ ಕೌಂಟಿ ಕೌನ್ಸಿಲಿನದೇ, ರೈತ ಗೇಣಿದಾರನೇ. ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯ್ದೆಯಲ್ಲೂ ಹುಡುಕಿದವನಿಗೆ ಪಾಲು ಹೇಳಿತ್ತು, ಆದರೆ ಸರ್ಕಾರ ಕೊಡುತ್ತದೆಂಬ ಭರವಸೆ ಜನರಲ್ಲಿ ಬೆಳೆಯಲೇ ಇಲ್ಲ. ನಿಧಿಗಳ್ಳರು ರಾತ್ರಿಯಲ್ಲಿ ನಂದಿಯನ್ನು ಉರುಳಿಸಿ, ಗರ್ಭಗುಡಿ ಅಗೆಯುವ ಸುದ್ದಿ ಓದುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಮಾಲೀಕ ಒಪ್ಪಿದರೂ ಲೈಸೆನ್ಸ್ ಇಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧ; ಸ್ಮಾರಕಗಳ ರಕ್ಷಣೆ ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ನಕ್ಷೆ ನೋಡದೆ ಹೊಲಕ್ಕೆ ಇಳಿಯಬೇಡಿ. ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ ಕಾನೂನೇ ಬೇರೆ: ಅಲ್ಲಿ ಸಿಕ್ಕ ಹಳೆಯ ವಸ್ತುಗಳು ರಾಜಸತ್ತೆಗೆ ಸೇರಿದ್ದು, ಭೂಮಾಲೀಕನಿಗೆ ಪಾಲಿಲ್ಲ.

ಊರಿಗೆ ಹೋಗುವಾಗ ಅಪ್ಪನಿಗೆ ತೋರಿಸಲೆಂದು ನಾಣ್ಯವನ್ನು ಜೇಬಿಗಿಳಿಸುವ ಆಸೆ ಬೇಡ. ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ, 50 ವರ್ಷ ದಾಟಿದ ಪುರಾತತ್ವ ವಸ್ತುವಿಗೆ ಬೆಲೆ ಎಷ್ಟೇ ಕಡಿಮೆಯಿದ್ದರೂ ರಫ್ತು ಪರವಾನಗಿ ಬೇಕು. ಫೈಂಡ್ಸ್ ಅಧಿಕಾರಿಯ ಬಳಿ ದಾಖಲು ಮಾಡಿಸಿದರೆ ಅದು ಚಿತ್ರ ಸಮೇತ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಎಂಬ, ಇಂಥ ವಸ್ತುಗಳನ್ನು ದಾಖಲಿಸುವ ಯೋಜನೆಯ ಜಾಲತಾಣ ಸೇರುತ್ತದೆ; ದಾವಣಗೆರೆಯಲ್ಲಿ ಕುಳಿತೇ ಅಪ್ಪ ಮೊಬೈಲಿನಲ್ಲಿ ನೋಡಬಹುದು.