ಊರ ಮನೆಯ ಕ್ಯಾಮೆರಾಗೆ ಬೆಂಗಳೂರಿನಿಂದ ದಾರಿ ಮಾಡಿದ್ದು

ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಗಳದ ಕ್ಯಾಮೆರಾವನ್ನು ಬೆಂಗಳೂರಿನಿಂದ ನೋಡಬೇಕಿತ್ತು. ಕ್ಯಾಮೆರಾ ಜೊತೆ ಆ್ಯಪ್ ಬರುತ್ತದೆ ನಿಜ, ಆದರೆ ನಮ್ಮ ಮನೆಯ ವಿಡಿಯೋ ಇನ್ಯಾರದೋ ಸರ್ವರ್ ಮೂಲಕ ಹಾದು ಬರುವುದು ನನಗೆ ಇಷ್ಟವಿರಲಿಲ್ಲ.

ಮೊದಲು ರೂಟರ್‌ನ ಸ್ಟೇಟಸ್ ಪುಟ ತೆರೆದೆ. ಇಂಟರ್ನೆಟ್ ಕಡೆಯ ಐಪಿ, ಅಂದರೆ ನೆಟ್ಟಿನಲ್ಲಿ ಗುರುತಿಸುವ ವಿಳಾಸ, 100.72ರಿಂದ ಶುರುವಾಗಿತ್ತು. ಅದೇ ವೈಫೈನಲ್ಲಿ ನನ್ನ ಐಪಿ ಏನು ಅಂತ ಗೂಗಲ್ ಮಾಡಿದರೆ ಬೇರೆಯದೇ ಬಂತು. ಇವೆರಡು ತಾಳೆಯಾಗದಿದ್ದರೆ ನಡುವೆ ಇನ್ನೊಂದು ನ್ಯಾಟ್ (ಹಲವು ಸಾಧನಗಳು ಒಂದೇ ಐಪಿ ಹಂಚಿಕೊಳ್ಳುವಂತೆ ವಿಳಾಸ ಬದಲಿಸುವ ವ್ಯವಸ್ಥೆ) ಕೂತಿದೆ ಅಂತ ಅರ್ಥ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟರು. ಐಪಿವಿ4 ಅನ್ನುವ ಹಳೆಯ ಬಗೆಯ ವಿಳಾಸ ಒಟ್ಟು ಇರುವುದೇ ಸುಮಾರು 430 ಕೋಟಿ, ಮನೆಗೊಂದು ಕೊಡಲು ಸಾಲದು, ಹಾಗಾಗಿ ಇಂಟರ್ನೆಟ್ ಕೊಡುವವರು ಒಂದೇ ಐಪಿಯ ಹಿಂದೆ ಎಷ್ಟೋ ಮನೆಗಳನ್ನು ಕೂರಿಸುತ್ತಾರೆ. ಇದೇ ಸಿಜಿನ್ಯಾಟ್.

ಇದು ಯಾಕೆ ಅಡ್ಡ ಬರುತ್ತದೆ ಅಂತ ತಿಳಿಯಲು ನ್ಯಾಟ್ ಟೇಬಲ್ಲನ್ನೇ ನೋಡಬೇಕು. ನನ್ನ ರೂಟರ್‌ನಲ್ಲಿ ಲಿನಕ್ಸ್ ಇರುವುದರಿಂದ ಕಾನ್‌ಟ್ರ್ಯಾಕ್ ಕಮಾಂಡ್ ಕೊಟ್ಟರೆ ಎಲ್ಲ ಕಾಣುತ್ತದೆ. ಲ್ಯಾಪ್‌ಟಾಪ್ 192.168.1.20, ಪೋರ್ಟ್ (ಒಂದೇ ಯಂತ್ರದ ಬೇರೆ ಬೇರೆ ಕೆಲಸಗಳನ್ನು ಗುರುತಿಸುವ ಸಂಖ್ಯೆ) 51000ರಿಂದ ಹೊರಗಿನ ಸೈಟಿಗೆ ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಕಳಿಸಿದಾಗ ರೂಟರ್ ಅದರ ಮೂಲ ವಿಳಾಸ ಅಳಿಸಿ ತನ್ನದನ್ನು ಹಾಕುತ್ತದೆ, ಬೇಕಾದರೆ ಪೋರ್ಟನ್ನೂ ಬದಲಿಸುತ್ತದೆ, ಮತ್ತೆ ಆ ಜೋಡಿಯನ್ನು ಟೇಬಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲು ನೋಡಿ ಲ್ಯಾಪ್‌ಟಾಪ್‌ಗೆ ತಲುಪಿಸುತ್ತದೆ. ಆಫೀಸಿನಲ್ಲೂ ಇದೇ ಕತೆ, ಜನ ಜಾಸ್ತಿ ಅಷ್ಟೇ.

ಆದರೆ ಹೊರಗಿನಿಂದ ಯಾರೋ ತಾವಾಗಿ ಬಂದರೆ? ಟೇಬಲ್‌ನಲ್ಲಿ ಸಾಲೇ ಇಲ್ಲ. ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಹೀಗೆ ಬಂದ ಪ್ಯಾಕೆಟ್ ಒಳಗೆ ಯಾರಿಗೆ ಹೋಗಬೇಕು ಅನ್ನುವ ನಿಯಮವನ್ನು ನಾವೇ ಮೊದಲೇ ಬರೆದಿಡುವುದು. ನನ್ನ ರೂಟರ್‌ನಲ್ಲಿ ಬರೆಯಬಹುದು, ಇಂಟರ್ನೆಟ್ ಕೊಡುವವರ ಪೆಟ್ಟಿಗೆಯಲ್ಲಿ ಬರೆಯಲು ಬಿಡ್ತಾರಾ? ಹಾಗಾಗಿ ಫಾರ್ವರ್ಡಿಂಗ್ ತಂಟೆಗೇ ಹೋಗಲಿಲ್ಲ.

ಐಪಿವಿ6, ಅಂದರೆ ವಿಳಾಸಗಳಿಗೆ ಬರವಿಲ್ಲದ ಹೊಸ ಬಗೆ, ನೋಡಿದೆ. ಊರ ಮನೆಗೆ ಬರುತ್ತಿತ್ತು. ಅದರಲ್ಲಿ ನ್ಯಾಟ್ ಬೇಕಿಲ್ಲ, ಫೈರ್‌ವಾಲ್‌ನಲ್ಲಿ ಒಂದು ನಿಯಮ ಸಾಕು. ಆದರೆ ನಮ್ಮ ಆಫೀಸಿನ ನೆಟ್‌ವರ್ಕ್‌ನಲ್ಲಿ ಐಪಿವಿ6 ಇಲ್ಲ, ಆ ದಾರಿ ಅರ್ಧಕ್ಕೇ ನಿಂತಿತು.

ಕೊನೆಗೆ ಮಾಡಿದ್ದು ಹೀಗೆ: ಪಬ್ಲಿಕ್ ಐಪಿ ಇರುವ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸಿಗುವ ವರ್ಚುವಲ್ ಸರ್ವರ್) ಬಾಡಿಗೆಗೆ ತಗೊಂಡೆ. ಊರ ಮನೆಯ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಇಂಟರ್ನೆಟ್ ಮೇಲೆ ಗುಪ್ತ ಸುರಂಗ ಮಾಡುವ ಸಾಫ್ಟ್‌ವೇರ್) ಹಾಕಿ, ಅದೇ ಒಳಗಿನಿಂದ ವಿಪಿಎಸ್‌ಗೆ ಕನೆಕ್ಟ್ ಆಗುವಂತೆ ಮಾಡಿದೆ. ಒಳಗಿನಿಂದ ಹೊರಟದ್ದನ್ನು ನ್ಯಾಟ್ ತಡೆಯುವುದಿಲ್ಲ ಅಲ್ವಾ? ನನ್ನ ಫೋನೂ ಅದೇ ವಿಪಿಎಸ್‌ಗೆ ಬರುತ್ತದೆ, ಇಬ್ಬರೂ ಅಲ್ಲಿ ಸೇರುತ್ತಾರೆ. ಇಲ್ಲೂ ನಡುವೆ ಸರ್ವರ್ ಇದೆ, ಆದರೆ ಅದರ ಬೀಗದ ಕೈ ನನ್ನ ಹತ್ತಿರ ಇದೆ.

ಪೈ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಅಂತ ಹಾಕಲೇಬೇಕು. ವೈರ್‌ಗಾರ್ಡ್ ಓಡುವುದು ಯುಡಿಪಿ ಮೇಲೆ, ಅಂದರೆ ಕನೆಕ್ಷನ್ ಶುರುವಾಯಿತು, ಮುಗಿಯಿತು ಅಂತ ಹೇಳದೆ ಪ್ಯಾಕೆಟ್ ಕಳಿಸುವ ವಿಧಾನ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ನ್ಯಾಟ್ ಆ ಸಾಲನ್ನು ಅಳಿಸಿಬಿಡುತ್ತದೆ. ಲಿನಕ್ಸ್‌ನಲ್ಲಿ ಉತ್ತರ ಬಾರದ ಯುಡಿಪಿಗೆ ಸಿಗುವುದು 30 ಸೆಕೆಂಡು. 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಹೋದರೆ ಸಾಲು ಉಳಿಯುತ್ತದೆ, ನನ್ನ ಫೋನು ಯಾವಾಗ ಕರೆದರೂ ದಾರಿ ತೆರೆದಿರುತ್ತದೆ.

ನಿಮ್ಮ ರೂಟರ್ ತೋರಿಸುವ ಐಪಿ ಮತ್ತು ಗೂಗಲ್ ತೋರಿಸುವ ಐಪಿ ಒಂದೇ ಆಗಿದ್ದರೆ ವಿಪಿಎಸ್ ಖರ್ಚು ಬೇಡ. ಮನೆಯಲ್ಲೇ ವೈರ್‌ಗಾರ್ಡ್ ಇಟ್ಟು ಅದರ ಒಂದು ಯುಡಿಪಿ ಪೋರ್ಟ್ ಮಾತ್ರ ಫಾರ್ವರ್ಡ್ ಮಾಡಿ. ಕ್ಯಾಮೆರಾದ ಪೋರ್ಟನ್ನು ನೇರವಾಗಿ ಹೊರಗೆ ಬಿಡಬೇಡಿ.